ತೋಡಿಗೆ ಬಿದ್ದ ಚಿಮಿಣಿ ಎಣ್ಣೆ

ಸ್ಟುಟ್‌ಗಾರ್ಟ್,
ಗುರುವಾರ, 25 ಏಪ್ರಿಲ್ 2002

ಪ್ರೀತಿಯ ಅಳಿಯಂದಿರು ಜಯಕರರಿಗೆ,

ಅತ್ತೆ ಕಾಂತಾಮಣಿಯ ಆಶೀರ್ವಾದಗಳು. ಮ್ಯಾನ್‌ಹೈಮ್‌ನಲ್ಲಿ ಪ್ರಾಜೆಕ್ಟಿನ ಗಡಿಬಿಡಿಯಲ್ಲೂ ಆರೋಗ್ಯವಾಗಿದ್ದೀರಿ ಎಂದು ನಂಬಿದ್ದೇನೆ. ಗಂಟಲು ಕೆರೆತ ಕಡಿಮೆಯಾಯಿತೇ? ಕಷಾಯದ ಪುಡಿಯನ್ನು ನಿಮ್ಮ ಬ್ಯಾಗಿನ ಪಕ್ಕದ ಜೇಬಿನಲ್ಲಿ ಇಟ್ಟಿದ್ದೆ. ಅದು ಈಗಲೂ ಅಲ್ಲಿಯೇ ಇರುತ್ತದೆ ಎಂಬುದೂ ನನಗೆ ಗೊತ್ತು. ಹೊರಗಿನ ಊಟ ಕಡಿಮೆ ಮಾಡಿ. ಇಲ್ಲಿ ನಾವು ಕ್ಷೇಮ. ಮಗು ಎಣ್ಣೆ ಹಚ್ಚುವಾಗ ಸುಮ್ಮನಿರುತ್ತದೆ, ನೀರು ಹೊಯ್ದರೆ ಇಡೀ ಕಟ್ಟಡಕ್ಕೆ ಕೇಳುವಂತೆ ಅಳುತ್ತದೆ. ಮೂಗು ನಿಮ್ಮದೇ, ಸಂಶಯವಿಲ್ಲ. ವಿನಯಾಳ ಸೊಂಟನೋವು ಇಳಿದಿದೆ, ಹಸಿವೆಯೂ ಚೆನ್ನಾಗಿದೆ. ಇಲ್ಲಿಯ ಸೂಲಗಿತ್ತಿ, ಅದೇ ನಿಮ್ಮ ಹೆಬಾಮೆ, ವಾರಕ್ಕೆರಡು ಸಲ ಬಂದು ಕಿಟಕಿ ತೆರೆಯಿರಿ, ಬಾಣಂತಿಯನ್ನು ಪಾರ್ಕಿನಲ್ಲಿ ನಡೆಸಿ ಎನ್ನುತ್ತಾಳೆ. ನಾನು ತಲೆಯಾಡಿಸುತ್ತೇನೆ, ಅವಳು ಮೆಟ್ಟಿಲಿಳಿದ ಮೇಲೆ ಕಿಟಕಿ ಮುಚ್ಚುತ್ತೇನೆ. ನಲವತ್ತು ದಿನ ತುಂಬುವವರೆಗೆ ನನ್ನ ಮಗಳು ಹೊಸ್ತಿಲು ದಾಟುವುದಿಲ್ಲ. ಈ ಒಂದು ವಿಷಯದಲ್ಲಿ ಜರ್ಮನಿಯೂ ನನ್ನ ಮಾತು ಕೇಳಬೇಕು.

ವಾರಕ್ಕೆ ಮೂರು ಸಲ ಫೋನು ಮಾಡುವ ಅಳಿಯನಿಗೆ ಅತ್ತೆ ಪತ್ರ ಬರೆಯುವುದು ಯಾಕೆ ಎಂದು ನಿಮಗೆ ಅನಿಸಬಹುದು. ಫೋನಿನಲ್ಲಿ ನೀವು "ಒಂದು ನಿಮಿಷ ಅತ್ತೆ" ಎನ್ನುತ್ತೀರಿ, ಆ ನಿಮಿಷ ಮುಗಿಯುವುದಿಲ್ಲ. ಎದುರಿಗೆ ಹೇಳೋಣವೆಂದರೆ ನಮ್ಮ ಕಡೆ ಅತ್ತೆ ಅಳಿಯನಿಗೆ ಬಡಿಸುವವಳೇ ಹೊರತು ಬೈಯುವವಳಲ್ಲ. ಮದುವೆಯಾದಂದಿನಿಂದ ನಿಮಗೆ ಎರಡನೆಯ ಸಲ ಅನ್ನ ಹಾಕುವಾಗ ಬಿಟ್ಟು ನಾನು ಒತ್ತಾಯದ ಮಾತು ಆಡಿದವಳಲ್ಲ. ಬಾಯಲ್ಲಿ ತುಳು ಬಂದರೆ ಸಿಟ್ಟೂ ಜೊತೆಗೆ ಬರುತ್ತದೆ. ಕನ್ನಡದಲ್ಲಿ ಬರೆದರೆ ಸ್ವಲ್ಪ ಮರ್ಯಾದೆಯಲ್ಲಿ ಇರಬಹುದು ಎಂದು ಪೆನ್ನು ಹಿಡಿದಿದ್ದೇನೆ. ಇದ್ದೇನೋ ಇಲ್ಲವೋ ನೀವೇ ನೋಡಿ. ನನಗೆ ಹತ್ತು ದಿನಗಳಿಂದ ಅನ್ನ ಸೇರುತ್ತಿಲ್ಲ. ಅಸಹ್ಯವಾಗಿದೆ, ಜಯಕರರೇ. ಬೇರೆ ಮೆತ್ತಗಿನ ಶಬ್ದ ಹುಡುಕಿದೆ, ಸಿಗಲಿಲ್ಲ.

ನಾನು ಬೆಳಿಗ್ಗೆ ಮಗುವಿನ ಬಟ್ಟೆ ಒಣಹಾಕಿದ ಮೇಲೆ ಹಿತ್ತಿಲ ಕೆಳಗಿನ ತೋಡಿನ ಬದಿಯಲ್ಲಿ ನಡೆಯಲು ಹೋಗುವುದು ನಿಮಗೆ ಗೊತ್ತಲ್ಲ. ನೀವು ಒಮ್ಮೆಯೂ ಇಳಿದು ನೋಡಿದವರಲ್ಲ, ಆದ್ದರಿಂದ ಹೇಳುತ್ತೇನೆ. ನಮ್ಮ ಅಂಗಳದ ಗೋಡೆಯಾಚೆ ಇಳಿಜಾರು, ಅದರ ಬುಡದಲ್ಲಿ ಮೊಣಕಾಲು ಮುಳುಗದಷ್ಟು ನೀರಿನ ತೋಡು, ಆಮೇಲೆ ಕಾಡು. ಬೀಚ್ ಮರದ ಹಳೆಯ ಎಲೆಗಳು ತಳದಲ್ಲಿ ಕೂತಿರುತ್ತವೆ. ನಾನು ಬಂದ ಹೊಸದರಲ್ಲಿ, ವಿನಯಾಳ ಹೆರಿಗೆಗೆ ಇನ್ನೂ ವಾರವಿದ್ದಾಗ, ಜಿಟಿಜಿಟಿ ಮಳೆಯ ಒಂದು ಬೆಳಿಗ್ಗೆ ಅಲ್ಲಿ ಒಂದು ಪ್ರಾಣಿಯನ್ನು ಕಂಡೆ. ಕಪ್ಪು ಮೈ, ಮೇಲೆ ಅರಶಿನ ಬಣ್ಣದ ಮಚ್ಚೆ, ಗೇಣುದ್ದ. ಹಲ್ಲಿ ಎನ್ನೋಣವೆಂದರೆ ಮೈ ಒದ್ದೆ, ನಡಿಗೆ ನಿಧಾನ. ಸಲಮಾಂಡರ್! ಕಾರ್ಕಳದ ಹೈಸ್ಕೂಲಿನಲ್ಲಿ ಅಷ್ಟು ವರ್ಷ ವಿಜ್ಞಾನ ಪಾಠ ಮಾಡಿದೆ, ಉಭಯವಾಸಿಗಳ ಅಧ್ಯಾಯ ಬಂದಾಗಲೆಲ್ಲ ಕಪ್ಪೆಯ ಪಕ್ಕದಲ್ಲಿ ಇದರ ಚಿತ್ರ ಬರೆದೆ, "ಇದಕ್ಕೆ ಬಾಲ ಉಂಟು, ನಮ್ಮಲ್ಲಿ ಇಲ್ಲ" ಎಂದು ಹೇಳಿ ಅಳಿಸಿದೆ. ನಾನೇ ನೋಡದ ಪ್ರಾಣಿಯ ಬಗ್ಗೆ ಮಕ್ಕಳಿಗೆ ಪ್ರಶ್ನೆ ಕೇಳಿ ಅಂಕ ಕಳೆದವಳು ನಾನು. ಅದು ಅರವತ್ತರ ಹತ್ತಿರ ನನ್ನೆದುರು ಬಂದು ನಿಂತಿತು.

ಆ ದಿನ ಅದು ಅಲ್ಲಿಗೆ ಬಂದದ್ದು ಹೆರಲಿಕ್ಕೆ. ಈ ಜಾತಿ ಕಪ್ಪೆಯ ಹಾಗೆ ಮೊಟ್ಟೆ ಇಟ್ಟು ಹೋಗುವುದಿಲ್ಲ. ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಹೊತ್ತು, ನೀರು ತಣ್ಣಗೆ ಶುದ್ಧವಾಗಿರುವ ಜಾಗ ಹುಡುಕಿಕೊಂಡು ಕಾಡಿನಿಂದ ಇಳಿದು ಬರುತ್ತದೆ. ಮುಂಗಾಲು ಕಲ್ಲಿನ ಮೇಲೆ, ಹಿಂಭಾಗ ನೀರಿನಲ್ಲಿ. ಮರಿಗಳು ಒಂದೊಂದಾಗಿ ನೀರಿಗೆ ಇಳಿದವು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ನಾಲ್ಕು ಕಾಲು, ಕುತ್ತಿಗೆಯ ಎರಡೂ ಬದಿ ಸಣ್ಣ ಗರಿಯಂಥ ಕಿವಿರು, ಪ್ರತಿ ಕಾಲಿನ ಬುಡದಲ್ಲಿ ಒಂದು ಹಳದಿ ಚುಕ್ಕೆ. ತಾಯಿ ಸ್ವಲ್ಪ ಹೊತ್ತು ಅಲ್ಲೇ ಇದ್ದು ಮತ್ತೆ ಕಾಡಿಗೆ ಹತ್ತಿತು. ಕೊಡೆ ಹಿಡಿದು ನಿಂತಿದ್ದ ನನಗೆ ಕಣ್ಣು ತುಂಬಿತು. ಮನೆಯಲ್ಲಿ ನನ್ನ ಮಗಳು ತುಂಬಿದ ಹೊಟ್ಟೆ ಹಿಡಿದು ಕೂತಿದ್ದಳು ನೋಡಿ, ಅದಕ್ಕೆ ಇರಬಹುದು. ಆಮೇಲೆ ದಿನಾ ಹೋಗಿ ಮರಿಗಳನ್ನು ಮಾತಾಡಿಸಿ ಬರುತ್ತಿದ್ದೆ. ವಿನಯಾ "ಅಮ್ಮನಿಗೆ ಇಲ್ಲಿ ಬೇರೆಯೇ ಮೊಮ್ಮಕ್ಕಳು ಉಂಟು" ಎಂದು ತಮಾಷೆ ಮಾಡುತ್ತಿದ್ದಳು.

ಇನ್ನು ನಿಮ್ಮ ಕಾರಿನ ವಿಷಯ. ಮಗುವಿಗಾಗಿ ಕಾರು ಕೊಂಡಿರಿ, ಸಂತೋಷ. ಅಪ್ಪನ ಕಾರಿನಲ್ಲಿ ಮಗುವಿನ ಮೊದಲ ಸವಾರಿ ನಾಮಕರಣದ ದಿನವೇ ಆಗಬೇಕೆಂದಿರಿ, ಅದೂ ಸಂತೋಷ. ಸೆಕೆಂಡ್ ಹ್ಯಾಂಡ್ ಗಾಡಿ, ಯಾರು ಯಾರು ಕೂತಿದ್ದರೋ, ಆ ಮೈಲಿಗೆ ಎಲ್ಲ ತೊಳೆದ ಮೇಲೆಯೇ ಪೂಜೆ ಎಂದಿರಿ. ನಮ್ಮ ಹೊಸ ವರ್ಷ ಬಿಸುವಿನ ಹಿಂದಿನ ದಿನ, ಶನಿವಾರ, ನೀವೂ ನಿಮ್ಮ ಸ್ನೇಹಿತ ಗ್ಲೆನ್ನೂ ಪ್ಯಾಂಟು ಮಡಚಿ ಅಂಗಳಕ್ಕೆ ಇಳಿದಿರಿ. ಊರಿನ ಸರ್ವೀಸ್ ಸ್ಟೇಷನ್ನಿನಲ್ಲಿ ಮಾಡುವ ಹಾಗೆ ಬಾನೆಟ್ಟು ಎತ್ತಿ, ಬಾವ್‌ಮಾರ್ಕ್ಟಿನಿಂದ, ಆ ದೊಡ್ಡ ಹಾರ್ಡ್‌ವೇರ್ ಅಂಗಡಿಯಿಂದ, ತಂದ ಚಿಮಿಣಿ ಎಣ್ಣೆಯನ್ನು ಇಂಜಿನ್ನಿಗೂ ಗಾಡಿಯ ಅಡಿಗೂ ಹೊಡೆದು, ಹಳೆಯ ಗ್ರೀಸೆಲ್ಲ ಕರಗಿಸಿ, ಮೇಲಿಂದ ಶಾಂಪೂ ಹಾಕಿ ಪೈಪಿನಲ್ಲಿ ನೀರು ಬಿಟ್ಟಿರಿ. "ಮಗಾ, ಹೊಸದರ ಹಾಗೆ ಆಯ್ತಲ್ಲ ಮಾರಾಯ" ಎಂದು ಗ್ಲೆನ್ ಹಾಡಿದ್ದೇ ಹಾಡಿದ್ದು. ಕಪ್ಪು ನೀರು ಅಂಗಳದ ಜಾಲರಿ ತೂತಿಗೆ ಗುಳುಗುಳು ಇಳಿಯುವುದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿ, ಈ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ನಿಮ್ಮ ಉತ್ತರ ನೆನಪಿದೆಯೇ? "ಇದು ಜರ್ಮನಿ ಅತ್ತೆ. ಇಲ್ಲಿ ಎಲ್ಲ ಕ್ಲೀನ್ ಮಾಡಿಯೇ ಬಿಡ್ತಾರೆ." ಮರುದಿನ ಬಿಸುವಿನ ಬೆಳಿಗ್ಗೆ ಕಾರಿಗೆ ಹೂವಿಟ್ಟು ಪೂಜೆ ಮಾಡಿ, ದೃಷ್ಟಿ ತೆಗೆಯುವ ಕುರುದಿ ನೀರಿಗೆ ಸುಣ್ಣ ಸಿಗಲಿಲ್ಲವೆಂದು ಕುಂಕುಮದ ಪೊಟ್ಟಣವನ್ನೇ ಬಕೆಟಿಗೆ ಸುರಿದಿರಿ. ಒಂದು ಚಿಟಿಕೆ ಸಾಕೆಂದು ನಾನು ಹೇಳುವಷ್ಟರಲ್ಲಿ ಆ ಕೆಂಪು ನೀರೂ ನಾಲ್ಕು ಚಕ್ರಗಳ ಸುತ್ತ ತಿರುಗಿ ಅದೇ ತೂತಿಗೆ ಹೋಯಿತು.

ಪೂಜೆ ಮುಗಿದ ಮೇಲೆ ನಾನು ತೋಡಿಗೆ ಇಳಿದೆ. ನಮ್ಮ ಗೋಡೆಯ ಕೆಳಗೆ ಪೊದೆಯ ಹಿಂದೆ ಒಂದು ಸಿಮೆಂಟಿನ ಪೈಪಿನ ಬಾಯಿ ಇದೆ. ಅದರಿಂದ ಕೆಂಪು ನೀರು ಒಸರುತ್ತಿತ್ತು. ನಿಮ್ಮ ಕಾರಿನ ಮೇಲಿಟ್ಟ ಸೇವಂತಿಗೆಯ ಎಸಳು ಪೈಪಿನ ತುಟಿಗೆ ಅಂಟಿಕೊಂಡಿತ್ತು. ಹಿಂದಿನ ದಿನದ ಶಾಂಪೂ ನೊರೆ ಬದಿಯ ಹುಲ್ಲಿನಲ್ಲಿ ಹಳದಿಗಟ್ಟಿ ನಿಂತಿತ್ತು. ಗುಂಡಿಯ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಎಣ್ಣೆ ಪೊರೆ, ಮೂಗಿಗೆ ಬಡಿಯುವ ಚಿಮಿಣಿ ವಾಸನೆ. ಜಾಲರಿ ತೂತಿನಿಂದ ನೀರು ಯಾವ ಕಾರ್ಖಾನೆಗೂ ಹೋಗುವುದಿಲ್ಲ, ಯಾರೂ ಅದನ್ನು ಕ್ಲೀನ್ ಮಾಡುವುದಿಲ್ಲ. ನೆಟ್ಟಗೆ ತೋಡಿಗೆ ಬೀಳುತ್ತದೆ. ಇಷ್ಟೇ ನಿಮ್ಮ ಜರ್ಮನಿ.

ಮರಿಗಳು ಬೆಳ್ಳಗೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅವು ಕಿವಿರಿನಿಂದಲೂ ಉಸಿರಾಡುತ್ತವೆ, ಚರ್ಮದಿಂದಲೂ ಉಸಿರಾಡುತ್ತವೆ, ಹಾಗಾಗಿ ಎಣ್ಣೆ ಅವುಗಳನ್ನು ಎರಡೂ ಕಡೆಯಿಂದ ಹಿಡಿಯಿತು. ಗರಿಯಂಥ ಕಿವಿರು ಒದ್ದೆ ಹತ್ತಿಯ ಹಾಗೆ ಮುದ್ದೆಯಾಗಿತ್ತು. ಒಂದನ್ನು ಅಂಗೈಗೆ ತೆಗೆದುಕೊಂಡೆ; ಲೋಳೆ ಜಾರಿ ಮೈಯ ಸಿಪ್ಪೆಯೇ ಬೆರಳಿಗೆ ಬಂತು. ಕೆಲವು ಇನ್ನೂ ಸತ್ತಿರಲಿಲ್ಲ, ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಮನೆಗೆ ಓಡಿ ಚಾ ಸೋಸುವ ಜಾಲರಿ ಮತ್ತು ಸ್ಟೀಲಿನ ಚೆಂಬು ತಂದು, ಅವನ್ನು ಹಿಡಿದು ಪೈಪಿನ ಮೇಲ್ಭಾಗದ ಒಳ್ಳೆಯ ನೀರಿಗೆ ಬಿಟ್ಟೆ. ಅಲ್ಲಿಯ ಮರಿಗಳು ಎಲೆಯಡಿ ಆರಾಮಾಗಿದ್ದವು. ನಾನು ಬಿಟ್ಟವು ಮಧ್ಯಾಹ್ನದೊಳಗೆ ಸತ್ತವು. ಪೈಪಿನಿಂದ ಮೇಲೆ ಬದುಕು, ಪೈಪಿನಿಂದ ಕೆಳಗೆ ಸಾವು. ಇದಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ. ಕೈಯನ್ನು ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಅದೇ ಕೈಯಲ್ಲಿ ನಿಮಗೂ ಗ್ಲೆನ್‌ಗೂ ಪಾಯಸ ಬಡಿಸಿದೆ. ನೀವಿಬ್ಬರೂ ಎರಡೆರಡು ಸಲ ಹಾಕಿಸಿಕೊಂಡಿರಿ. ನಾನು ಒಳಗೆ ಹೋಗಿ ವಾಂತಿ ಮಾಡಿದೆ. ತೋಡಿನ ವಿಷಯ ಹೇಳಿದರೆ ನೀವು ಚಮಚೆ ಕೆಳಗಿಡದೆ "ಛೆ ಪಾಪ, ಹಲ್ಲಿ ಮರಿಯಾ?" ಎಂದಿರಿ.

ಅಲ್ಲಿಗೇ ಮುಗಿದಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಅಜ್ಞಾನಕ್ಕೆ ಕ್ಷಮೆ ಉಂಟು. ನಿಮಗೆ ಆ ತೂತಿನ ದಾರಿ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನೀವು ಮ್ಯಾನ್‌ಹೈಮ್‌ಗೆ ಕಾರು ತೆಗೆದುಕೊಂಡು ಹೋದ ಮೇಲೆ ತೋಡಿನ ಬದಿಯಲ್ಲಿ ನಾಯಿ ನಡೆಸುವ ಯಾರೋ ದೂರು ಕೊಟ್ಟರು. ನಗರದವರು ಬಂದು ಬಾಟಲಿಯಲ್ಲಿ ನೀರು ತುಂಬಿಕೊಂಡರು, ಪೈಪಿನ ಕೆಳಗೆ ಕೆಂಪು ಹತ್ತಿದ ಕಲ್ಲುಗಳ ಫೋಟೋ ತೆಗೆದರು. ಅಲ್ಲಿ ಸಲಮಾಂಡರಿನ ಚಿತ್ರವಿರುವ ಚಂದದ ಹಲಗೆಯೂ ಉಂಟು: ನಾಯಿ ಬಿಡಬೇಡಿ, ಮಕ್ಕಳು ಮರಿ ಹಿಡಿಯಬಾರದು. ಆ ತೂತುಗಳ ಬಗ್ಗೆ ಒಂದಕ್ಷರ ಇಲ್ಲ. ನಮ್ಮ ಮನೆ ಯಜಮಾನ ಬೊಯರ್ಲೆ ಇದ್ದಾರಲ್ಲ, ಯಾರ ಸರದಿಯಲ್ಲಿ ಮೆಟ್ಟಿಲು ಗುಡಿಸಲಿಲ್ಲ, ಯಾರ ಕೇರ್‌ವೋಖೆ ಎಂಬ ಗುಡಿಸುವ ವಾರ ತಪ್ಪಿತು ಎಂದು ಬಾಗಿಲಿಗೆ ಹಲಗೆ ತೂಗಿಸುವ ಮಹಾ ಶುದ್ಧದ ಮನುಷ್ಯ, ಅವರೂ ಮೆಟ್ಟಿಲು ಒರೆಸಿದ ಫಿನಾಯಿಲು ನೀರನ್ನು ಅದೇ ತೂತಿಗೆ ಚೆಲ್ಲುವುದನ್ನು ನಾನು ವಾರ ವಾರ ನೋಡಿದ್ದೇನೆ. ಇಷ್ಟು ಗುಡಿಸುವ ಊರಿನಲ್ಲಿ ಕಸವೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಈಗ ನನಗೆ ಗೊತ್ತಾಯಿತು.

ಆ ಬೊಯರ್ಲೆ ಕೆಂಪು ಕಲ್ಲಿನ ಫೋಟೋ ನೋಡಿದ ಕೂಡಲೇ ತೀರ್ಮಾನ ಮಾಡಿಬಿಟ್ಟರು: ಇದು ಕಾರಿನ ಪೈಂಟು. ಅಂಗಳದ ಮೂಲೆಯ ಶೆಡ್ಡಿನಲ್ಲಿ ಗಾಡಿ ರಿಪೇರಿ ಮಾಡುವವರು ಯಾರು? ಯಿಲ್ಮಾಜರು. ಅವರಿಗೆ ಮೇ ತಿಂಗಳ ಕೊನೆಗೆ ಶೆಡ್ ಖಾಲಿ ಮಾಡಲು ಹೇಳಿದ್ದಾರೆ. ಅಂಗಳದಲ್ಲಿ ಎಲ್ಲರೆದುರು ಗಲಾಟೆಯಾಯಿತು. ಯಿಲ್ಮಾಜರು ಎರಡೂ ಕೈ ಅಲ್ಲಾಡಿಸಿ ಇಲ್ಲ ಇಲ್ಲ ಎನ್ನುತ್ತಿದ್ದರು, ಆಮೇಲೆ ಶೆಡ್ಡಿನ ಮೆಟ್ಟಿಲ ಮೇಲೆ ಕೂತರು. ಭಾಷೆ ಬಾರದ ನನಗೆ ಇದನ್ನೆಲ್ಲ ಬಿಡಿಸಿ ಹೇಳಿದವನು, ಮೊನ್ನೆ ಮಗುವಿಗೆ ಜಬಲ ಕೊಡಲು ಬಂದಿದ್ದ ಗ್ಲೆನ್. ಅಡುಗೆಮನೆಯಲ್ಲಿ ದನಿ ತಗ್ಗಿಸಿ "ಆಂಟಿ, ಕುಂಕುಮ ಅಂತ ಅವರಿಗೆಲ್ಲಿ ಗೊತ್ತಾಗ್ಬೇಕು. ಒಳ್ಳೆದೇ ಆಯ್ತಲ್ಲ" ಎಂದು ನಕ್ಕ. ಆ ನಗು ನನಗೆ ಸತ್ತ ಮರಿಗಳಿಗಿಂತ ಹೇಸಿಗೆಯಾಯಿತು. ಚಾ ಕೊಡದೆ ಕಳಿಸಿದೆ. ನಮ್ಮ ಮನೆಯಿಂದ ಚಾ ಕುಡಿಯದೆ ಹೋದ ಮೊದಲನೆಯ ಮನುಷ್ಯ ಅವನು.

ಯಿಲ್ಮಾಜರು ಯಾರೆಂದು ನಿಮಗೆ ನಾನು ಹೇಳಬೇಕೇ? ವಿನಯಾಳಿಗೆ ಹೆರಿಗೆ ನೋವು ಶುರುವಾದ ಬೆಳಿಗ್ಗೆ ನೀವು ಮ್ಯಾನ್‌ಹೈಮ್‌ನಲ್ಲಿದ್ದಿರಿ. ಆಂಬುಲೆನ್ಸಿನವರು ಫೋನಿನಲ್ಲಿ ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳಲು ನನಗೆ ಭಾಷೆ ಬರಲಿಲ್ಲ. ಅಂಗಳಕ್ಕೆ ಓಡಿಹೋಗಿ ಹೊಟ್ಟೆ ತೋರಿಸಿ ಸನ್ನೆ ಮಾಡಿದೆ. ಆ ಮನುಷ್ಯ ಕೈಯಲ್ಲಿದ್ದ ಸ್ಪ್ಯಾನರು ಬಿಟ್ಟು, ಸೀಟಿನ ಮೇಲೆ ಒಗೆದ ಟವೆಲು ಹಾಸಿ, ನಮ್ಮಿಬ್ಬರನ್ನು ಆಸ್ಪತ್ರೆಗೆ ಒಯ್ದರು. ನೀವು ರೈಲಿಳಿದು ಬರುವವರೆಗೆ ಕಾರಿಡಾರಿನಲ್ಲಿ ಕೂತಿದ್ದರು. ನನ್ನನ್ನು "ಆನ್ನೆ" ಎನ್ನುತ್ತಾರೆ, ಅವರ ತುರ್ಕಿ ಭಾಷೆಯಲ್ಲಿ ಅಮ್ಮ ಎಂದು. ಆ ಗಲಾಟೆಯ ಮರುದಿನವೂ ಹಾಗೆಯೇ ಕರೆದರು. ನಾನು ತಲೆ ತಗ್ಗಿಸಿ ಒಳಗೆ ಬಂದೆ.

ಅಂದು ಸಂಜೆ ನಾನಾಗಿ ಫೋನು ಮಾಡಿದ್ದು ಅದಕ್ಕೆ. ನೀವು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ಬರೆದಾಗ ಹೇಗೆ ಕಾಣುತ್ತದೆಂದು ನೀವೇ ಓದಿ: "ಅತ್ತೆ, ನೀವು ಸುಮ್ಮನಿರಿ. ನಮ್ಮದು ಐದು ವರ್ಷದ ಗ್ರೀನ್ ಕಾರ್ಡ್, ಇಂಥದ್ದರಲ್ಲಿ ಹೆಸರು ಬಂದ್ರೆ ಕಷ್ಟ. ಅವನಿಗೆ ಇದೆಲ್ಲ ಅಭ್ಯಾಸ ಉಂಟು, ಬೇರೆ ಶೆಡ್ ನೋಡ್ತಾನೆ." ಅಭ್ಯಾಸ! ಬೈಸಿಕೊಳ್ಳುವುದು ಅವರಿಗೆ ಅಭ್ಯಾಸ, ಕೆಳಗೆ ಸಾಯುವುದು ಮರಿಗಳಿಗೆ ಅಭ್ಯಾಸ, ಪಾಯಸ ತಿನ್ನುವುದು ಮಾತ್ರ ನಮಗೆ ಅಭ್ಯಾಸ. ಎಣ್ಣೆಯನ್ನು ನೀವು ಗೊತ್ತಿಲ್ಲದೆ ತೂತಿಗೆ ಬಿಟ್ಟಿರಿ. ಈ ಮನುಷ್ಯನನ್ನು ಗೊತ್ತಿದ್ದೂ ಬಿಡುತ್ತಿದ್ದೀರಿ. ಮೊದಲನೆಯದಕ್ಕೆ ಕ್ಷಮೆ ಉಂಟು, ಎರಡನೆಯದನ್ನು ಕೇಳಿ ನಿಮ್ಮ ಮುಖವನ್ನೇ ನೋಡಬಾರದು ಎನಿಸಿತು. ಅಳಿಯಂದಿರಿಗೆ ಹೀಗೆ ಬರೆಯಬಾರದೆಂದು ಗೊತ್ತು, ಆದರೂ ಹೊಡೆದುಹಾಕುವುದಿಲ್ಲ.

ವಿನಯಾಳಿಗೆ ನಾನು ಏನೂ ಹೇಳಿಲ್ಲ. ಗಲಾಟೆ ಏನೆಂದು ಕೇಳಿದಳು, ಪಾರ್ಕಿಂಗಿನದ್ದು ಎಂದೆ. ಹಾಲುಣಿಸುವ ಹೆಣ್ಣಿಗೆ ಮನಸ್ಸು ಕದಡಬಾರದು. ಗಂಡನ ಮೇಲಿನ ಗೌರವವೂ ಒಂದು ಪಥ್ಯವೇ. ಆದ್ದರಿಂದ ನಿಮ್ಮಲ್ಲಿ ಕೇಳುವುದು ಇಷ್ಟು. ಈ ಶನಿವಾರ ಪ್ರಾಜೆಕ್ಟು ಇರಲಿ, ಸಿಡಿಲು ಬೀಳಲಿ, ಬನ್ನಿ. ಬೊಯರ್ಲೆಯ ಮನೆಗೆ ನೀವೇ ಹತ್ತಿ, ಎಣ್ಣೆ ನನ್ನದು, ಕುಂಕುಮ ನನ್ನದು, ಯಿಲ್ಮಾಜರದ್ದಲ್ಲ ಎಂದು ಹೇಳಿ. ದಂಡ ಹಾಕಿದರೆ ಕಟ್ಟೋಣ. ಅಷ್ಟಕ್ಕೇ ಈ ದೇಶ ನಮ್ಮನ್ನು ಹೊರಗೆ ಹಾಕುವುದಾದರೆ ಕಾರ್ಕಳದಲ್ಲಿ ನನ್ನ ಮನೆಗೆ ಬೀಗ ಹಾಕಿದ್ದೇನೆ, ಮಾರಿಲ್ಲ. ಹೆಂಡತಿಗೆ ನೀವೇ ನಿಧಾನವಾಗಿ ತಿಳಿಸಿ. ನೀವು ಕೆಟ್ಟವರಲ್ಲ, ಅದು ನನಗೆ ಗೊತ್ತು. ಮಗುವನ್ನು ಮೊದಲ ಸಲ ಎತ್ತಿಕೊಂಡಾಗ ನಿಮ್ಮ ಕೈ ನಡುಗಿದ್ದನ್ನು ನೋಡಿದವಳು ನಾನು. ಆ ಕೈಯನ್ನು ನಂಬಿ ಬರೆದಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣಿ, ಕಷಾಯ ಕುಡಿಯಿರಿ. ದೇವರು ನಿಮಗೆ ಆಯುಸ್ಸು ಕೊಡಲಿ, ಜೊತೆಗೆ ಬುದ್ಧಿಯನ್ನೂ ಕೊಡಲಿ.

ಇತಿ ನಿಮ್ಮ ಅತ್ತೆ,
ಕಾಂತಾಮಣಿ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಮಗುವಿನ ಸ್ನಾನಕ್ಕೆ ನೀರು ಕಾಯಿಸಲು ಹೋದಾಗ ಪತ್ರ ಮೇಜಿನ ಮೇಲೆಯೇ ಇತ್ತು. ವಿನಯಾ ಎಲ್ಲವನ್ನೂ ಓದಿದಳು. ತಲೆಗೆ ಬಟ್ಟೆ ಕಟ್ಟಿ, ಕಾಲಿಗೆ ಸಾಕ್ಸು ಹಾಕಿ, ಮಗುವನ್ನು ನನ್ನ ಕೈಗೆ ಕೊಟ್ಟು, ದೇವರ ಮುಂದಿನ ಕುಂಕುಮದ ಭರಣಿ ಹಿಡಿದು ಹೊಸ್ತಿಲು ದಾಟಿದಳು. "ಗಾಳಿ ತಾಗ್ತದೆ ಮಗಾ, ನಲವತ್ತು ಆಗ್ಲಿಲ್ಲ" ಎಂದು ಕೂಗಿದೆ, ತಿರುಗಿ ನೋಡಲಿಲ್ಲ. ಮೊದಲು ಶೆಡ್ಡಿಗೆ ಹೋಗಿ, ಯಿಲ್ಮಾಜರನ್ನು ಕರೆದುಕೊಂಡು ಬೊಯರ್ಲೆಯ ಮನೆಗೆ ಹತ್ತಿದಳು. ಅವರ ಬಿಳಿಯ ಸಿಂಕಿನಲ್ಲಿ ಕುಂಕುಮ ಕದಡಿ ತೋರಿಸಿದಳಂತೆ. ಈಗ ಬಂದು ಹೀಟರಿನ ಪಕ್ಕ ಕೂತು ಮಗುವಿಗೆ ಹಾಲು ಕೊಡುತ್ತಿದ್ದಾಳೆ. ನಿಮಗೆ ಇದನ್ನು ಬರೆಯಬೇಕೆಂದು ಹೇಳಿದ್ದಾಳೆ: ಶನಿವಾರ ಬನ್ನಿ, ಆದರೆ ಕಾರು ಅಲ್ಲೇ ಇರಲಿ, ರೈಲಿನಲ್ಲಿ ಬನ್ನಿ. ಯಿಲ್ಮಾಜರ ಎದುರು ನೀವೇ ನಿಂತು ಹೇಳುವವರೆಗೆ ಮಗುವನ್ನು ಆ ಕಾರಿನಲ್ಲಿ ಕೂರಿಸುವುದಿಲ್ಲವಂತೆ. ನಾಮಕರಣಕ್ಕೆ ಯಿಲ್ಮಾಜರ ಕಾರಿನಲ್ಲೇ ಹೋಗುವುದು, ಅವರನ್ನು ಕೇಳಿಕೊಂಡೇ ಬಂದಿದ್ದಾಳೆ. ಅವರು ಒಪ್ಪಿದ್ದಾರೆ.